ಗೊಂಬೆಯೂ ಅದರ ಟಪ್ಪಾಲು ಖರ್ಚೂ

ಗೊಂಬೆಯಾಟದ ಸಾಮಗ್ರಿಯನ್ನು ದೂರದಿಂದ ತರಿಸಿಕೊಂಡವರಲ್ಲಿ ಮೊದಲಿನವರು ಯಾರೆಂದು ಕೇಳಿದರೆ ನಾನು ವಿರಾಟರಾಜನ ಮಗಳಾದ ಉತ್ತರೆಯ ಹೆಸರನ್ನು ಹೇಳುವೆನು. ಕೌರವರು ಗೋವುಗಳನ್ನು ಹಿಡಿದ ಸುದ್ದಿ ಬಂದು, ಬೃಹನ್ನಳೆಯು ಉತ್ತರಕುಮಾರನ ರಥಕ್ಕೆ ಸಾರಥಿಯಾಗಿ ಹೊರಟು ನಿಂತಿರುವಾಗ, ಆ ಬಾಲಿಕೆಯು ಸಖಿಯರನ್ನು ಕೂಡಿಕೊಂಡು ಬಂದು, ಭೀಷ್ಮದ್ರೋಣಾದಿಗಳನ್ನು ಗೆದ್ದ ಬಳಿಕ ತಮ್ಮ ಗೊಂಬೆಗಳಿಗಾಗಿ ನಯವಾದ ಬಣ್ಣದ ಬಟ್ಟೆಗಳನ್ನು ತಂದುಕೊಡಬೇಕೆಂದು ಕೇಳಿಕೊಂಡಳು. ಅರ್ಜುನನು ಆ ಮಾತನ್ನು ಮರೆಯಲಿಲ್ಲ. ಶತ್ರುಸೈನ್ಯವೆಲ್ಲ ಮೂರ್ಛೆಯಲ್ಲಿ ಬಿದ್ದಿರುವಾಗ ದ್ರೋಣಕೃಪರ ಬಿಳಿಯ ವಸ್ತ್ರವನ್ನೂ ಕರ್ಣನ ಹಳದಿಯ ವಸ್ತ್ರವನ್ನೂ ಅಶ್ವತ್ಥಾಮ ದುರ್ಯೋಧನರ ನೀಲಿಯ ವಸ್ತ್ರವನ್ನೂ ಉತ್ತರಕುಮಾರನ ಕೈಯಿಂದ ತೆಗೆಸಿದನು. ಗೊಂಬೆಯ ಅಂಗಿಗೆ ಬೇಕಾದ ಗೇಣುದ್ದದ ಬಟ್ಟೆಗೆ ಒಂದು ಯುದ್ಧವೇ ಸಾಗಣೆಯ ವೆಚ್ಚವಾಯಿತು. ಉತ್ತರೆಯು ಆ ವೆಚ್ಚವನ್ನು ವಿಚಾರಿಸಲಿಲ್ಲ. ಮಕ್ಕಳು ವಿಚಾರಿಸುವುದೂ ಇಲ್ಲ. ವಿಚಾರಿಸತಕ್ಕವರು ನಾವು, ಹಿರಿಯರು.

ಈ ವಿಚಾರವು ನನ್ನ ತಲೆಗೆ ಹೊಕ್ಕುದು ಕಳೆದ ವರ್ಷ. ಅದರ ಕಾರಣವನ್ನು ಹೇಳುವುದಕ್ಕೆ ಮೊದಲು ನಮ್ಮೂರಿನ ಗುಳ್ಳದ ವಿಷಯವನ್ನು ಸ್ವಲ್ಪ ಹೇಳಬೇಕಾಗಿದೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಇರುವ ಮರಳುಮಣ್ಣಿನ ಪಟ್ಟಿಯೇ ನಮ್ಮ ಮಟ್ಟು. ಇಲ್ಲಿ ಬೆಳೆಯುವ ಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆಯಾದದ್ದನ್ನೂ, ಶ್ರೀ ವಾದಿರಾಜರ ಪ್ರಸಾದವೆಂಬ ಐತಿಹ್ಯವನ್ನೂ ಈ ಜಿಲ್ಲೆಯ ವಾಚಕರಿಗೆ ಹೊಸದಾಗಿ ತಿಳಿಸಬೇಕಾದುದಿಲ್ಲ. ನನಗೆ ಇಲ್ಲಿ ಬೇಕಾದುದು ಅದರ ರೂಪ ಮಾತ್ರ. ಗುಂಡಗೆ, ತಿಳಿಹಸುರು, ಮೈಮೇಲೆ ಬಿಳಿಯ ಗೆರೆ, ನೆತ್ತಿಯಲ್ಲಿ ಮುಳ್ಳಿನ ತೊಟ್ಟು. ಎರಡು ಕಣ್ಣು ಒಂದು ಬಾಯಿಯನ್ನು ಬರೆದುಬಿಟ್ಟರೆ ಜುಟ್ಟು ಬಿಟ್ಟ ವೈದಿಕನೊಬ್ಬನು ನಿಮ್ಮನ್ನು ನೋಡಿ ನಗುತ್ತಿರುವನು.

ನನ್ನ ಮಗಳ ಮಗಳಿಗೆ ಆರು ವರ್ಷ. ಹುಟ್ಟಿ ಬೆಳೆದದ್ದು ಪುಣೆಯಲ್ಲಿ. ನಮ್ಮ ಮನೆಯಲ್ಲಿ ತುಳುವೂ ಕನ್ನಡವೂ ಹಾಲುನೀರಿನಂತೆ ಬೆರೆತಿರುತ್ತವೆ. ಮಗುವಿಗೆ ಎರಡೂ ತಿಳಿಯುತ್ತವೆ, ಆದರೆ ಬಾಯಿಂದ ಹೊರಡುವುದಿಲ್ಲ. ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಹಿಂದಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಉತ್ತರ. ಮೂವತ್ತಕ್ಕೂ ಹೆಚ್ಚು ವರ್ಷ ಪರರ ಮಕ್ಕಳಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಹೇಳಿಕೊಟ್ಟವನ ಮನೆಯಲ್ಲಿ ಹೀಗಾಯಿತಲ್ಲಾ ಎಂದು ಬಂಧುಗಳು ನನ್ನೆದುರಿಗೆ ಹೇಳದಿದ್ದರೂ ಬೆನ್ನ ಹಿಂದೆ ಹೇಳಿಯೇ ಇರಬೇಕು. ನಾನು ಮಗುವಿನ ಮೇಲೆ ಒತ್ತಾಯವನ್ನು ಮಾಡಿದವನಲ್ಲ. ಒತ್ತಾಯದಿಂದ ಧಾತುಪಾಠವನ್ನು ಬಾಯಿಪಾಠ ಮಾಡಿಸಬಹುದು, ಮಾತಾಡಿಸುವುದಕ್ಕಾಗದು.

ರಜೆಯಲ್ಲಿ ಮಗು ಇಲ್ಲಿಗೆ ಬಂದಿದ್ದಾಗ, ಒಂದು ಮಧ್ಯಾಹ್ನ ಅಡಿಗೆಮನೆಯ ಬುಟ್ಟಿಯಿಂದ ಒಂದು ಗುಳ್ಳವನ್ನು ತೆಗೆದು, ಅಡಿಯಲ್ಲಿ ತೋರುಬೆರಳು ಹೋಗುವಷ್ಟು ತೂತು ಕೊರೆದು, ಮಸಿಯಿಂದ ಮುಖವನ್ನು ಬರೆದು, ಕೈಗೆ ಬೈರಾಸನ್ನು ಸುತ್ತಿಕೊಂಡು ಕುಳಿತೆನು. ಗುಳ್ಳಪ್ಪನೆಂದು ಆತನಿಗೆ ಹೆಸರಾಯಿತು. ತನಗೆ ಹಿಂದಿ ಬಾರದು, ಇಂಗ್ಲಿಷೂ ಬಾರದು, ತಾನು ಮಟ್ಟುವಿನ ಗದ್ದೆಯನ್ನು ಬಿಟ್ಟು ಹೊರಗೆ ಹೋದವನೇ ಅಲ್ಲವೆಂದು ಆತನು ಮೊದಲ ದಿನವೇ ಹೇಳಿಬಿಟ್ಟನು. ಮಗುವು ನನ್ನ ಮುಖವನ್ನು ನೋಡಲಿಲ್ಲ, ಗುಳ್ಳಪ್ಪನ ಮುಖವನ್ನು ನೋಡಿತು. ಸ್ವಲ್ಪ ಹೊತ್ತಿನ ಮೇಲೆ, ಅವನಿಗೆ ಅರ್ಥವಾಗಲೆಂದು, ತಡವರಿಸುತ್ತ ಕನ್ನಡದಲ್ಲಿ ಮಾತನಾಡಿತು. ಮೂರು ವಾರಗಳಲ್ಲಿ ಏಳು ಗುಳ್ಳಪ್ಪಂದಿರು ಬಾಡಿ ಸಾಂಬಾರನ್ನೂ ಸೇರಲಾರದೆ ಹೋದರು. ಮಗುವಿನ ಪಾಲಿಗೆ ಅವರೆಲ್ಲರೂ ಒಬ್ಬನೇ. ಇಷ್ಟಾದರೂ ಅದು ನನ್ನೊಡನೆ ಕನ್ನಡದಲ್ಲಿ ಮಾತಾಡುತ್ತಿರಲಿಲ್ಲ. ನನಗೆ ಹಿಂದಿ ಬರುತ್ತದೆಂಬುದು ಅದಕ್ಕೆ ಗೊತ್ತಷ್ಟೆ.

ಪತ್ರಿಕೆಗಳವರು ಯಾರನ್ನಾದರೂ ಹಳಿಯಬೇಕಾದಾಗ ‘ಕೈಗೊಂಬೆ’ ಎಂದು ಬರೆಯುತ್ತಾರೆ. ಕೈಗೊಂಬೆಯು ಕೈಯನ್ನು ಆಡಿಸುವುದೋ, ಕೈಯು ಗೊಂಬೆಯನ್ನು ಆಡಿಸುವುದೋ ಎಂಬುದು ಅವರು ಭಾವಿಸಿದಷ್ಟು ಸುಲಭವಾದ ಪ್ರಶ್ನೆಯಲ್ಲವೆಂದು ಈ ಮೂರು ವಾರಗಳಲ್ಲಿ ನನಗೆ ತೋರಿತು. ಮುಷ್ಟಿಯಷ್ಟಿರುವ ಕಾಯೊಂದು ಬೆರಳಿಗೇರಿದ ಕೂಡಲೇ ನನ್ನ ಬಾಯಿಂದಲೂ ನಾನು ಆಡದಂತಹ ಮಾತುಗಳು ಹೊರಡುತ್ತಿದ್ದುವು.

ಮಗು ಪುಣೆಗೆ ಮರಳಿದ ಮೇಲೆ ಮಾತು ನಿಂತಿತು. ಫೋನಿನ ಪರದೆಯಲ್ಲಿ ನನ್ನ ಮುಖವನ್ನು ಕಂಡೊಡನೆ ‘ಗುಳ್ಳಪ್ಪ ಕಹಾಂ ಹೈ’ ಎಂದು ಕೇಳುವುದು. ಮಳೆಗಾಲದಲ್ಲಿ ಗುಳ್ಳವೆಲ್ಲಿಂದ ಬರಬೇಕು? ಇದ್ದರೂ ಅದು ಹೋಗಿ ಸೇರುವಷ್ಟರಲ್ಲಿ ಮುಖವು ಬಾಡಿ, ಕಣ್ಣು ಕಲಸಿಹೋಗಿ, ಮಗು ಹೆದರುವಂತಾಗುವುದು. ಆಗ ನನ್ನ ಮಗಳು, “ಅಪ್ಪಯ್ಯ, ನೀವು ಕಷ್ಟಪಡುವುದು ಬೇಡ. ಆನ್‌ಲೈನಿನಲ್ಲಿ ಕೈಗೊಂಬೆ ಬೇಕಾದಷ್ಟು ಸಿಗ್ತದೆ,” ಎಂದು ಒಂದು ಆಟಿಗೆಯಂಗಡಿಯ ಚಿತ್ರಗಳನ್ನು ಕಳುಹಿಸಿದಳು. ರಾಜ, ರಾಣಿ, ಮೊಸಳೆ, ಪೋಲೀಸಿನವನು. ಒಂದೊಂದಕ್ಕೆ 349 ರೂಪಾಯಿ. ಕೆಳಗೆ ಸಣ್ಣ ಅಕ್ಷರಗಳಲ್ಲಿ ಸಾಗಣೆ 110 ರೂಪಾಯಿಯೆಂದೂ, 799 ರೂಪಾಯಿಗೆ ಮೇಲ್ಪಟ್ಟು ಕೊಂಡರೆ ಸಾಗಣೆ ಉಚಿತವೆಂದೂ ಬರೆದಿತ್ತು. ನನ್ನ ಮಗಳು ಲೆಕ್ಕದಲ್ಲಿ ಬುದ್ಧಿವಂತೆ. ಆದರೂ 110 ರೂಪಾಯಿಯನ್ನು ಉಳಿಸುವುದಕ್ಕಾಗಿ ಮೊಸಳೆಯನ್ನೂ, ಒಂದು ಬಣ್ಣದ ಪೆನ್ಸಿಲಿನ ಪೆಟ್ಟಿಗೆಯನ್ನೂ ಸೇರಿಸಿ 460 ರೂಪಾಯಿ ಹೆಚ್ಚಾಗಿ ಕೊಡುವುದಕ್ಕೆ ಸಿದ್ಧಳಾಗಿದ್ದಳು. ಇದು ಅವಳೊಬ್ಬಳ ಸ್ವಭಾವವಲ್ಲ. ‘ಉಚಿತ’ವೆಂಬ ಮೂರಕ್ಷರದ ಶಕ್ತಿ.

ನನ್ನ ತೀರ್ಥರೂಪರ ಕಾಲದ ಪಂಚಾಂಗಗಳ ಹಾಗೂ ಮಾಸಪತ್ರಿಕೆಗಳ ಜಾಹೀರಾತುಗಳನ್ನು ನೋಡಿದವರಿಗೆ ‘ಟಪ್ಪಾಲು ಖರ್ಚು ಪ್ರತ್ಯೇಕ’ ಎಂಬ ಮಾತು ನೆನಪಿರಬಹುದು. ಈ ದೇಶದಲ್ಲಿ ವಿ. ಪಿ. ಪದ್ಧತಿಯು 1877ರಲ್ಲಿ ಆರಂಭವಾದ ಮೇಲೆ ಧಾರವಾಡದ ಪುಸ್ತಕವೂ ಬೆಂಗಳೂರಿನ ಔಷಧವೂ ನಮ್ಮ ಹಳ್ಳಿಯ ಜಗಲಿಗೆ ಬರತೊಡಗಿದುವು. ಅಂಚೆಯವನು ವಸ್ತುವನ್ನು ಕೈಗಿಟ್ಟು ಹಣವನ್ನು ಎಣಿಸಿಕೊಂಡು ಹೋಗುವನು. ವಸ್ತುವಿನ ಬೆಲೆ ಇಷ್ಟು, ದಾರಿಯ ಬೆಲೆ ಇಷ್ಟು ಎಂದು ಎರಡೂ ಬೇರೆಬೇರೆಯಾಗಿ ಕಣ್ಣೆದುರಿಗಿರುತ್ತಿದ್ದುವು. ಇಂದು ವಸ್ತುವನ್ನು ಪಡೆದು ಹಣ ಕೊಡುವ ಕ್ರಮವು ಹೊಸ ಶೋಧನೆಯೆಂಬಂತೆ ತರುಣರು ಹೇಳುವುದನ್ನು ಕೇಳಿದರೆ ನಗೆ ಬರುತ್ತದೆ. ಹೊಸದಾಗಿರುವುದು ದಾರಿಯ ಬೆಲೆಯನ್ನು ವಸ್ತುವಿನ ಬೆಲೆಯೊಳಗೆ ಅಡಗಿಸುವ ಈ ಉಚಿತವು. ದಾರಿಯು ಯಾರಿಗೂ ಉಚಿತವಾಗಿ ಸವೆಯುವುದಿಲ್ಲ. ದೊಡ್ಡ ಅಂಗಡಿಯಾದರೆ ಆ ವೆಚ್ಚವನ್ನು ಸಾವಿರ ಗಿರಾಕಿಗಳ ಮೇಲೆ ಹರಡೀತು. ಚನ್ನಪಟ್ಟಣದಲ್ಲಿ ಒಬ್ಬನೇ ಕುಳಿತು ಆಲೆಮರವನ್ನು ಕಡೆದು ಅರಗಿನ ಬಣ್ಣವನ್ನು ಹತ್ತಿಸುವವನು ನೂರು ರೂಪಾಯಿಯ ಬುಗುರಿಗೆ ಅಷ್ಟೇ ದಾರಿಯ ಖರ್ಚನ್ನು ತಾನು ಹೊತ್ತರೆ ಅವನ ಕೂಲಿ ಎಲ್ಲಿ ಉಳಿಯುವುದು? ಆದುದರಿಂದ ‘ಪ್ರತ್ಯೇಕ’ವೆಂಬ ಹಳೆಯ ಮಾತೇ ನನಗೆ ಹೆಚ್ಚು ಪ್ರಾಮಾಣಿಕವೆಂದು ತೋರುತ್ತದೆ.

ಅದಿರಲಿ. ಪೋಲೀಸಿನವನಾಗಲಿ ಮೊಸಳೆಯಾಗಲಿ ಗುಳ್ಳಪ್ಪನಾಗಲಾರರೆಂದು ನಾನು ಮಗಳನ್ನು ತಡೆದು, ನಮ್ಮ ನೆರೆಯ ಆಚಾರಿಯವರನ್ನು ಕಂಡೆನು. ಅವರು ಮರದ ಒಂದು ಪೂರ್ಣ ಗೊಂಬೆಯನ್ನೇ ಮಾಡಿಕೊಟ್ಟರು: ಕೈಕಾಲುಗಳು ಕೀಲಿನಲ್ಲಿ ಆಡುವಂತಹದು, ಮೇಲಿನಿಂದ ದಾರವನ್ನು ಕಟ್ಟಿದರೆ ಕುಣಿಯುವಂತಹದು. ತೂಕ ಕೇವಲ 600 ಗ್ರಾಮು. ಪೇಟೆಗೆ ಒಯ್ದು, ಕೊರಿಯರಿನ ಮೇಜಿನ ಮೇಲಿಟ್ಟೆನು. ಅಲ್ಲಿದ್ದ ಹುಡುಗನು ತಕ್ಕಡಿಗಿಂತ ಮೊದಲು ಅಳತೆಪಟ್ಟಿಯನ್ನು ತೆಗೆದನು. ನನಗೆ ಆಶ್ಚರ್ಯವಾಯಿತು. ಅವನು ವಿನಯದಿಂದಲೇ ವಿವರಿಸಿದನು.

ಆ ವಿವರಣೆಯನ್ನು ವಾಚಕರ ಉಪಯೋಗಕ್ಕಾಗಿ ಇಲ್ಲಿ ಕೊಡುತ್ತೇನೆ. ಕೊರಿಯರಿನವರಿಗೆ ವಾಹನದಲ್ಲಿ ತೂಕವೂ ಮಿತ, ಜಾಗವೂ ಮಿತ. ಅರಳೆಯನ್ನು ತುಂಬಿದ ಪೆಟ್ಟಿಗೆಯು ತೂಕದಲ್ಲಿ ಹಗುರವಾದರೂ ಕಬ್ಬಿಣವನ್ನು ಇಡಬಹುದಾಗಿದ್ದ ಜಾಗವನ್ನು ತಿಂದುಹಾಕುತ್ತದೆ. ಆದಕಾರಣ ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಬಂದುದನ್ನು ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಆ ಭಾಗಲಬ್ಧವು ಇಷ್ಟು ಕಿಲೋ ಎಂಬ ಒಂದು ಕಲ್ಪಿತ ತೂಕ. ನಿಜವಾದ ತೂಕ, ಕಲ್ಪಿತ ತೂಕ ಇವೆರಡರಲ್ಲಿ ಯಾವುದು ಹೆಚ್ಚೋ ಅದರಂತೆ ಹಣ. ನನ್ನ ಪೆಟ್ಟಿಗೆಯು 45 ಉದ್ದ, 25 ಅಗಲ, 15 ಎತ್ತರ. ಗುಣಿಸಿದರೆ 16,875, ಭಾಗಿಸಿದರೆ 3.375. ಆರುನೂರು ಗ್ರಾಮಿನ ಗೊಂಬೆಯು ಮೂರೂವರೆ ಕಿಲೋದ ಬಾಡಿಗೆಯನ್ನು ಕೊಡಬೇಕು! ಹೆಚ್ಚಿದ ಸುಮಾರು ಮೂರು ಕಿಲೋ ಯಾವುದೆಂದರೆ, ಗೊಂಬೆಯ ಕೈಗೂ ಕಾಲಿಗೂ ನಡುವೆ ಇದ್ದ ಗಾಳಿ. ಅವನು ಹೇಳಿದ ಮೊತ್ತ 540 ರೂಪಾಯಿ. ವೈಶೇಷಿಕರು ಆಕಾಶಕ್ಕೆ ಶಬ್ದವೊಂದೇ ವಿಶೇಷಗುಣವೆಂದರು. ಅದಕ್ಕೆ ಬಾಡಿಗೆಯೂ ಇದೆಯೆಂದು ನನಗೆ ಅಂದು ತಿಳಿಯಿತು. ಹುಡುಗನ ಮೇಲೆ ನನಗೆ ಸಿಟ್ಟು ಬರಲಿಲ್ಲ. ನ್ಯಾಯವು ಅವನ ಕಡೆಗೇ ಇತ್ತು.

ಪೆಟ್ಟಿಗೆಯನ್ನು ಹಿಂದಕ್ಕೆ ತಂದು ಯೋಚಿಸುತ್ತ ಕುಳಿತೆನು. ನಮ್ಮ ಹಿಂದಿನವರು ಗೊಂಬೆಯನ್ನು ಹೇಗೆ ಸಾಗಿಸುತ್ತಿದ್ದರು? ಕುಂದಾಪುರದ ಬಳಿಯ ಉಪ್ಪಿನಕುದ್ರುವಿನ ಶ್ರೀ ಗಣೇಶ ಯಕ್ಷಗಾನ ಗೊಂಬೆಯಾಟ ಮಂಡಳಿಯ ಆಟವನ್ನು ನೋಡದವರು ನಮ್ಮ ಕಡೆಯ ಹಿರಿಯರಲ್ಲಿ ವಿರಳ. ದೇವಣ್ಣ ಕಾಮತರು, ಅವರ ಮಗ ಕೊಗ್ಗ ಕಾಮತರು, ಈಗ ಅವರ ಮಗ ಭಾಸ್ಕರ ಕಾಮತರು ಹೀಗೆ ತಲೆಮಾರಿನಿಂದ ತಲೆಮಾರಿಗೆ ದಾರವು ಕೈದಾಟಿ ಬಂದಿದೆ. ಬಡಗುತಿಟ್ಟಿನ ಕಿರೀಟ, ಭುಜಕೀರ್ತಿಗಳನ್ನು ತೊಟ್ಟ ಆ ಮರದ ವೇಷಗಳು ದೇಶವಿದೇಶಗಳನ್ನು ಸುತ್ತಿಬಂದಿವೆ. ಕಾಸರಗೋಡಿನಲ್ಲಿ ಶ್ರೀ ಗೋಪಾಲಕೃಷ್ಣ ಯಕ್ಷಗಾನ ಬೊಂಬೆ ಸಂಘದವರು ತೆಂಕುತಿಟ್ಟಿನ ಕ್ರಮದಲ್ಲಿ ಇದನ್ನೇ ನಡೆಸುತ್ತಾರೆ. ಇಂತಹ ಮಂಡಳಿಗಳು ಊರಿಗೆ ಬರುವಾಗ ಸಾಗಣೆಯ ಖರ್ಚನ್ನು ಆಟವಾಡಿಸುವವನು ಕೊಡುವನು. ಊರಿನ ಮಕ್ಕಳೆಲ್ಲರೂ ಒಂದೇ ಪೆಟ್ಟಿಗೆಯ ಗೊಂಬೆಗಳನ್ನು ನೋಡುವರು. ತಲೆಗಿಷ್ಟೆಂದು ಹಂಚಿದರೆ ಕಾಸೂ ಆಗದು. ಇಂದು ಒಂದೊಂದು ಮಗುವಿಗೆ ಒಂದೊಂದು ಪೆಟ್ಟಿಗೆ, ಒಂದೊಂದು ಪೆಟ್ಟಿಗೆಗೆ ಒಂದೊಂದು ದಾರಿ.

ಬಯಲುಸೀಮೆಯ ತೊಗಲುಗೊಂಬೆಯವರ ಜಾಣ್ಮೆಯು ಇನ್ನೂ ಒಂದು ಕೈ ಮೇಲೆಂದು ನನಗೆ ತೋರುತ್ತದೆ. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಪತ್ರಿಕೆಗಳಲ್ಲಿ ಅವರ ಗೊಂಬೆಗಳ ಚಿತ್ರಗಳು ಬಂದಿದ್ದುವು. ಹತ್ತು ತಲೆಯ ರಾವಣನೂ ಚರ್ಮದ ಒಂದು ಹಾಳೆ. ರಾಮಾಯಣವನ್ನೆಲ್ಲ ಒಂದರ ಮೇಲೊಂದಾಗಿ ಅಡುಕಿ ತಲೆಯ ಮೇಲೆ ಹೊರಬಹುದು. ಊರಿಂದೂರಿಗೆ ನಡೆಯುತ್ತಿದ್ದ ಜನರು ಗೊಂಬೆಗೆ ದಪ್ಪವನ್ನು ಕೊಡಲಿಲ್ಲ. ದಪ್ಪವನ್ನು ಬೆಳಕೇ ತೆರೆಯ ಮೇಲೆ ಒದಗಿಸಿತು. ಕೊರಿಯರಿನ ಹುಡುಗನ ಅಳತೆಪಟ್ಟಿಯು ಅವರ ಮುಂದೆ ಸೋಲುತ್ತಿತ್ತು.

ಬಸ್ಸಿನಲ್ಲಿ ಕಳುಹಿಸಬಹುದಾಗಿತ್ತಲ್ಲಾ ಎಂದು ಕೆಲವರು ಕೇಳಿದರು. ಗುಳ್ಳದ ಕಾಲದಲ್ಲಿ ನಮ್ಮವರು ರಾತ್ರಿಯ ಬಸ್ಸಿಗೆ ಚೀಲವನ್ನು ಕೊಟ್ಟು ಮುಂಬಯಿಗೂ ಪುಣೆಗೂ ತಲುಪಿಸುವುದುಂಟು. ಆದರೆ ಬಸ್ಸು ನಿಲ್ಲುವಲ್ಲಿಂದ ಮಗಳ ಮನೆಗೆ ಆಟೋರಿಕ್ಷಾದ ಬಾಡಿಗೆಯೇ ಚೀಲದ ಬಾಡಿಗೆಯ ಮೂರರಷ್ಟಾಗುವುದು. ಸಾಗಣೆಯಲ್ಲಿ ಕೊನೆಯ ಹರದಾರಿಯೇ ತುಟ್ಟಿ. ಇನ್ನು ಪರದೇಶದಲ್ಲಿ ಮಕ್ಕಳಿರುವವರ ಪಾಡನ್ನು ಹೇಳತಕ್ಕದ್ದೇನು? ಎಂಟುನೂರು ಡಾಲರಿನೊಳಗಿನ ವಸ್ತುಗಳಿಗಿದ್ದ ಸುಂಕದ ವಿನಾಯಿತಿಯನ್ನು ಅಮೆರಿಕದ ಸರಕಾರವು 2025ರ ಆಗಸ್ಟ್ 29ರಿಂದ ತೆಗೆದುಹಾಕಿತು. ಸುಂಕವನ್ನು ವಸೂಲುಮಾಡುವ ಕ್ರಮವು ಸ್ಪಷ್ಟವಾಗದೆ ನಮ್ಮ ದೇಶದ ಅಂಚೆಯು ಅಲ್ಲಿಗೆ ಹೋಗುವ ಸಾಮಾನುಗಳನ್ನು ಸ್ವೀಕರಿಸುವುದನ್ನು ನಿಲ್ಲಿಸಿ, ಅಕ್ಟೋಬರ್ 15ರಂದು ಮತ್ತೆ ಆರಂಭಿಸಿತು. ಆ ವರ್ಷದ ನವರಾತ್ರಿಯು ಈ ಎರಡು ದಿನಗಳ ನಡುವೆಯೇ ಕಳೆದುಹೋಯಿತು.

ಆಚಾರಿಯವರು ಈ ಗೊಂಬೆಗಳನ್ನು ಆನ್‌ಲೈನ್ ಅಂಗಡಿಗೆ ಕೊಟ್ಟರಾಗದೇ ಎಂಬ ಯೋಚನೆಯೂ ನನಗೆ ಬಂದಿತ್ತು. 2021ರ ಜನವರಿ 1ರಿಂದ ಆಟಿಗೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ; ಕರಕುಶಲಕರ್ಮಿಗಳೆಂದು ಕೇಂದ್ರ ಸರಕಾರದಲ್ಲಿ ನೋಂದಾಯಿಸಿಕೊಂಡವರಿಗೂ, ಚನ್ನಪಟ್ಟಣದಂತೆ ಭೌಗೋಳಿಕ ಸೂಚಿಯುಳ್ಳ ವಸ್ತುಗಳ ನೋಂದಾಯಿತ ತಯಾರಕರಿಗೂ ಮಾತ್ರ ವಿನಾಯಿತಿ. ವಿಷದ ಬಣ್ಣವೂ ಮೊನಚಾದ ಅಂಚೂ ಮಗುವಿನ ಬಾಯಿಗೆ ಹೋಗಬಾರದೆಂಬ ಉದ್ದೇಶವು ಒಳ್ಳೆಯದೇ. ಆಚಾರಿಯವರು ನೋಂದಾಯಿಸಿಕೊಳ್ಳಬಹುದು. “ಮಾಸ್ಟ್ರೇ, ನಾನು ಬಾಗಿಲ ದಾರಂದ ಮಾಡುವವ. ಗೊಂಬೆ ಮಾಡಿದ್ದು ನಿಮಗೆ ಬೇಕು ಅಂತ,” ಎಂದು ಅವರು ನಕ್ಕರು. ಅವರು ನನ್ನಿಂದ ತೆಗೆದುಕೊಂಡ ಮಜೂರಿಯು ಅವರ ಅರ್ಧದಿನದ ಸಂಬಳಕ್ಕೂ ಸಾಲದು. ಇಂತಹ ವಸ್ತುವಿಗೆ ಅಂಗಡಿಯಲ್ಲಿ ಬೆಲೆಯನ್ನು ಬರೆಯುವುದು ಹೇಗೆಂದು ನನಗೂ ತೋಚಲಿಲ್ಲ.

ಅರ್ಧಮಾತ್ರೆಯಷ್ಟು ಉಳಿತಾಯವಾದರೂ ವೈಯಾಕರಣರಿಗೆ ಮಗ ಹುಟ್ಟಿದಷ್ಟು ಸಂತೋಷವೆಂದು ಪಾಠಶಾಲೆಯಲ್ಲಿ ನಾವು ಕೇಳುತ್ತಿದ್ದೆವು. ಸೂತ್ರದಲ್ಲಿ ಯಾವ ಪದವಿಲ್ಲದೆ ಅರ್ಥವು ನಿಲ್ಲುತ್ತದೆಯೋ ಆ ಪದವನ್ನು ಬಿಡಬೇಕು. ಮುಂದಿನದಕ್ಕೆ ಹಿಂದಿನದರಿಂದ ಅನುವೃತ್ತಿಯಾಗಿ ಬರುತ್ತದೆ. ಹಾಗಾದರೆ ಗುಳ್ಳಪ್ಪನಲ್ಲಿ ಯಾವುದನ್ನು ಬಿಡಬಹುದು? ಕೈಕಾಲುಗಳನ್ನು ಬಿಡಬಹುದು, ಅವು ಮಗುವಿನ ಬೆರಳುಗಳು. ಮೈಯನ್ನು ಬಿಡಬಹುದು, ಅದು ಪುಣೆಯ ಮನೆಯ ಬಟ್ಟೆ. ದಾರಿಯಲ್ಲಿ ಹೋಗಲೇಬೇಕಾದದ್ದು ತಲೆಯೊಂದೇ.

ಆಚಾರಿಯವರು ಹಾಲೆಮರದ ತುಂಡಿನಿಂದ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದಾದ ಒಂದು ತಲೆಯನ್ನು ಕೆತ್ತಿದರು. ನಾವು ಆಟಿ ಅಮಾವಾಸ್ಯೆಯಂದು ಕಷಾಯವನ್ನು ಕುಡಿಯುವ ಮರವೇ ಇದು, ಸಂಸ್ಕೃತದಲ್ಲಿ ಸಪ್ತಪರ್ಣ. ಚನ್ನಪಟ್ಟಣದ ಆಲೆಮರವು ಬೇರೆ ಜಾತಿ. ಶಾಲೆಯ ಮಕ್ಕಳ ಬರೆಯುವ ಹಲಗೆಗೆ ಈ ಹಾಲೆಮರವನ್ನು ಬಳಸುತ್ತಿದ್ದುದರಿಂದ ಸಸ್ಯಶಾಸ್ತ್ರಜ್ಞರು ಇದರ ಹೆಸರಿನಲ್ಲಿ ‘ಸ್ಕಾಲರಿಸ್’ ಎಂದು ಸೇರಿಸಿದ್ದಾರೆ. ಮೇಷ್ಟ್ರಿಗೆ ಒಪ್ಪುವ ಮರವೇ ಸರಿ. ಬಣ್ಣವನ್ನು ಬಳಿಯಲಿಲ್ಲ. ಕಣ್ಣು ಬಾಯಿಗಳನ್ನು ಕಾಸಿದ ಕಬ್ಬಿಣದ ಕಡ್ಡಿಯಿಂದ ಸುಟ್ಟು ಬರೆದರು. ನೆತ್ತಿಯಲ್ಲಿ ಗುಳ್ಳದ ತೊಟ್ಟಿನಂತಹ ಜುಟ್ಟು. ಮುಳ್ಳು ಮಾತ್ರ ಇಲ್ಲ. ಕೊರಳಿನ ಅಡಿಯಲ್ಲಿ ಪುಟ್ಟ ಬೆರಳಿಗೆ ತೂತು. ಕೊರಳ ಸುತ್ತ ಬಟ್ಟೆಯನ್ನು ಕಟ್ಟುವುದಕ್ಕೆ ಒಂದು ಗಾಡಿ. ಪೆಟ್ಟಿಗೆಯು 12 ಉದ್ದ, 10 ಅಗಲ, 10 ಎತ್ತರ. ಗುಣಿಸಿದರೆ 1200, ಭಾಗಿಸಿದರೆ ಕಾಲು ಕಿಲೋಗೂ ಕಡಿಮೆ. ಅರ್ಧ ಕಿಲೋದ ಮೊದಲ ದರವು 90 ರೂಪಾಯಿ. ಅಳತೆಪಟ್ಟಿಯ ಹುಡುಗನು ಈ ಸಲ ಪಟ್ಟಿಯನ್ನು ತೆಗೆಯದೆಯೇ ನಕ್ಕನು.

ತಲೆಯೊಡನೆ ಒಂದು ಕಾಗದವನ್ನೂ ಇಟ್ಟಿದ್ದೆನು. ದಪ್ಪ ಅಕ್ಷರಗಳಲ್ಲಿ, ಗುಳ್ಳಪ್ಪನೇ ಬರೆದಂತೆ, ತನಗೆ ಮೈಯಿಲ್ಲವೆಂದೂ, ಅಮ್ಮನ ಹಳೆಯ ಸೀರೆಯಿಂದ ಒಂದು ಅಂಗಿಯನ್ನು ಹೊಲಿದು ಕೊಡಬೇಕೆಂದೂ, ತೋರುಬೆರಳು ತನ್ನ ಕೊರಳಿಗೆ, ಹೆಬ್ಬೆರಳೂ ನಡುಬೆರಳೂ ತನ್ನ ತೋಳುಗಳಿಗೆ ಎಂದೂ. ಮಗುವಿಗೆ ಕನ್ನಡ ಓದಲು ಬಾರದಾದ್ದರಿಂದ ತಾಯಿಯಿಂದ ಮೂರು ಸಲ ಓದಿಸಿಕೊಂಡಿತಂತೆ. ಹೊಲಿಯುವುದಕ್ಕೆ ಎರಡು ಭಾನುವಾರಗಳು ಬೇಕಾದುವು. ನನ್ನ ಮಗಳಿಗೆ ಕಛೇರಿಯ ಕೆಲಸ ಬಹಳ. ಸೂಜಿಯನ್ನು ಹಿಡಿದು ಎಷ್ಟು ವರ್ಷಗಳಾಗಿದ್ದುವೋ. ಅಷ್ಟು ಹೊತ್ತು ತಾಯಿಮಕ್ಕಳು ಒಂದೇ ಚಾಪೆಯ ಮೇಲೆ ಕುಳಿತಿದ್ದರೆಂದು ಅಳಿಯಂದಿರು ಫೋನಿನಲ್ಲಿ ತಿಳಿಸಿದರು.

ಎರಡನೆಯ ಭಾನುವಾರ ಸಂಜೆ ಪರದೆಯ ಮೇಲೆ ಗುಳ್ಳಪ್ಪನು ಕಾಣಿಸಿಕೊಂಡನು. ಮೈಮೇಲೆ ನೇರಳೆ ಬಣ್ಣದ ಸೀರೆಯ ತುಂಡು. ನನ್ನ ಮಗಳ ಮದುವೆಯ ಮರುವರ್ಷ ನಾವು ಕೊಡಿಸಿದ್ದು. ಗುಳ್ಳಪ್ಪನ ಹಿಂದಿನಿಂದ ಮಗುವು ಇಣುಕಿ, ಚಿಂತೆಯಿಂದ, “ಅಜ್ಜಯ್ಯ, ಗುಳ್ಳಪ್ಪನಿಗೆ ಹೊಟ್ಟೆ ಇಲ್ಲ. ಊಟ ಎಲ್ಲಿಗೆ ಹೋಗ್ತದೆ?” ಎಂದು ಕೇಳಿತು. ಅದು ನನ್ನನ್ನೇ ಕೇಳಿದ್ದು. ಊಟವು ನಿನ್ನ ಹೊಟ್ಟೆಗೇ ಹೋಗುತ್ತದೆ, ಅವನು ನಿನ್ನ ಕೈಯಲ್ಲವೇ ಎಂದೆನು. ಮಗು ಸ್ವಲ್ಪ ಯೋಚಿಸಿ, ಹಾಗಾದರೆ ಅವನಿಗೆ ಹಾಗಲಕಾಯಿ ಬೇಡವಂತೆ ಎಂದು ತಾಯಿಗೆ ತಿಳಿಸಿತು.

ಈಗ ಹೊಸ ಬೇಡಿಕೆಯೊಂದು ಬಂದಿದೆ. ಗುಳ್ಳಪ್ಪನಿಗೆ ಪುಣೆಯಲ್ಲಿ ಮಾತಾಡುವುದಕ್ಕೆ ಯಾರೂ ಇಲ್ಲವಂತೆ. ಒಬ್ಬಳು ತಂಗಿ ಬೇಕಂತೆ. ಅವಳಿಗೂ ಕನ್ನಡ ಬರಬೇಕಂತೆ. ಆಚಾರಿಯವರು ತಲೆಯನ್ನು ಕೆತ್ತಿಟ್ಟಿದ್ದಾರೆ, ಜಡೆಗೆ ಮಾತ್ರ ತೂತು ಕೊರೆಯಬೇಕಾಗಿದೆ. ಮೇಲಿನ ಮಹಡಿಯ ಮನೆಯ ಮರಾಠಿ ಹುಡುಗನಿಗೂ ಒಬ್ಬನು ಬೇಕೆಂದು ನಿನ್ನೆ ಸುದ್ದಿ ಬಂದುದರಿಂದ, ಒಂದರ ಬದಲು ಎರಡು ತಲೆಗಳನ್ನು ಜೊತೆಗೆ ಕಳುಹಿಸುವುದೆಂದು ನಿಶ್ಚಯಿಸಿದ್ದೇನೆ. ಪೆಟ್ಟಿಗೆಯು 20 ಉದ್ದ, 10 ಅಗಲ, 10 ಎತ್ತರ; ಭಾಗಲಬ್ಧವು 0.4. ಅರ್ಧ ಕಿಲೋದೊಳಗೇ ಇರುವುದರಿಂದ ಖರ್ಚು ಅದೇ ತೊಂಬತ್ತು ರೂಪಾಯಿ.